ಇಲ್ಲದ ಕಳ್ಳನಿಗೆ ಕಾವಲು

ಬ್ಲಾಗಿನ ಕಡೆ ತಲೆ ಹಾಕಿ ಎರಡು ತಿಂಗಳ ಮೇಲಾಯ್ತು. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ, ಆಫೀಸಿನಲ್ಲಿ ಅಳಿಸೋ ಕೆಲಸ ಜೋರಾಗಿತ್ತು. ಹೌದು, ಸರಿಯಾಗೇ ಓದಿದ್ರಿ... ಬರೆಯೋದಲ್ಲ, ಅಳಿಸೋದು. ಬೆಳಿಗ್ಗೆ ಸಿಲ್ಕ್ ಬೋರ್ಡ್ ದಾಟಿ ಹೋಗಿ ಕೂತು, ಸಂಜೆವರೆಗೆ ಯಾರೋ ಬರೆದ ಸಾಲುಗಳನ್ನ ಒಂದೊಂದಾಗಿ ತೆಗೆಯೋದು. ಇದಕ್ಕೂ ಸಂಬಳ ಕೊಡ್ತಾರಾ ಅಂತ ಮನೆಯಲ್ಲಿ ಕೇಳಿದ್ರು. ಕೊಡ್ತಾರೆ, ಯಾಕೆ ಅಂತ ಹೇಳೋಕೇ ಈ ಬರಹ.

ಟೆಕ್ನಿಕಲ್ ಅಂತ ಈಗಲೇ ಕಿಟಕಿ ಮುಚ್ಚಬೇಡಿ. ಕೋಡು ಅಂದ್ರೆ ಎಮ್ಮೆ ತಲೆ ಮೇಲಿರೋದು ಮಾತ್ರ ಅಂತ ನಂಬಿರೋರಿಗೂ ಅರ್ಥ ಆಗೋ ಹಾಗೆ ಬರೆಯೋ ಪ್ರಯತ್ನ ಮಾಡ್ತೀನಿ :)

ನಾನು ಕೆಲಸ ಮಾಡೋದು ಸ್ಟೋರೇಜ್ ಡ್ರೈವರ್ ಮೇಲೆ. ನೀವು ಒಂದು ಫೈಲ್ ಸೇವ್ ಮಾಡಿದಾಗ ಅದು ನೇರ ಡಿಸ್ಕಿಗೆ ಹೋಗಿ ಕೂರಲ್ಲ. ಫೈಲ್ ಸಿಸ್ಟಮ್ಮು ಬ್ಲಾಕ್ ಲೇಯರಿಗೆ ಹೇಳುತ್ತೆ, ಅದು ಸ್ಕಸಿ ಅನ್ನೋ ನಡುವಿನ ಪದರಕ್ಕೆ ಹೇಳುತ್ತೆ, ಅದು ನಮ್ಮ ಡ್ರೈವರಿಗೆ ಹೇಳುತ್ತೆ. ನಾವು ಕಾರ್ಡಿಗೆ ಹೇಳ್ತೀವಿ, ಕಾರ್ಡು ಡಿಸ್ಕಿಗೆ. ತಾಲೂಕು ಕಚೇರಿಯ ಫೈಲಿನ ಥರ ಕೈಯಿಂದ ಕೈಗೆ. ನಮ್ಮ ಡ್ರೈವರ್ ಲಿನಕ್ಸಿನಲ್ಲಿ ಓಡುತ್ತೆ, ಫ್ರೀಬಿಎಸ್‌ಡಿಯಲ್ಲೂ ಅದರ ಒಂದು ಅವತಾರ ಇದೆ. ಕಂಪನಿ ಯಾವುದು ಅಂತ ಕೇಳಬೇಡಿ, ಹೇಳಲ್ಲ.

ಇನ್ನು ನಲ್ ಅಂದ್ರೆ ಏನು? ಸಿ ಭಾಷೆಯಲ್ಲಿ ಪಾಯಿಂಟರ್ ಅಂದ್ರೆ ಒಂದು ವಿಳಾಸದ ಚೀಟಿ. ಬೇಕಾದ ಮಾಹಿತಿ ಮೆಮೊರಿಯಲ್ಲಿ ಎಲ್ಲಿದೆ ಅಂತ ಅದರಲ್ಲಿ ಬರೆದಿರುತ್ತೆ. ಏನೂ ಬರೆಯದ ಚೀಟಿ ನಲ್. (ನಲ್‌ಗೆ ಕನ್ನಡದಲ್ಲಿ ಏನನ್ನಬೇಕು ಅಂತ ಯೋಚನೆ ಮಾಡಿದೆ. 'ಶೂನ್ಯ' ಅಂದ್ರೆ ಸೊನ್ನೆ ಆಗುತ್ತೆ, 'ಇಲ್ಲ' ಅಂದ್ರೆ ಜಗಳ ಆಗುತ್ತೆ. ಸದ್ಯಕ್ಕೆ 'ಖಾಲಿ ಚೀಟಿ' ಇರ್ಲಿ.) ಇದನ್ನ 1965ರಲ್ಲಿ ಆಲ್ಗಾಲ್ ಡಬ್ಲ್ಯೂ ಭಾಷೆಗೆ ತಂದವರು ಟೋನಿ ಹೋರ್. 2009ರಲ್ಲಿ ಲಂಡನ್ನಿನ ಒಂದು ಸಮ್ಮೇಳನದಲ್ಲಿ ಅವರೇ ಇದನ್ನ ತಮ್ಮ ನೂರು ಕೋಟಿ ಡಾಲರಿನ ತಪ್ಪು ಅಂತ ಕರೆದರು. ಖಾಲಿ ಚೀಟಿ ಹಿಡಿದು ಮನೆ ಹುಡುಕೋಕೆ ಹೊರಟ ಪ್ರೋಗ್ರಾಮು ಬಿದ್ದು ಹೋಗುತ್ತೆ. ಸಾಮಾನ್ಯ ಪ್ರೋಗ್ರಾಮು ಬಿದ್ರೆ ಮತ್ತೆ ತೆರೀಬಹುದು, ಕರ್ನೆಲ್ಲಿನ ಒಳಗೆ ಬಿದ್ರೆ ಇಡೀ ಮಷೀನೇ ಮಲಗಬಹುದು.

ಅದಕ್ಕೇ ಬರೆಯೋರು ಹೆದರಿಕೊಂಡು ಬಾಗಿಲು ಬಾಗಿಲಿಗೂ ಒಬ್ಬ ಕಾವಲುಗಾರನನ್ನ ನಿಲ್ಲಿಸ್ತಾರೆ. "ಚೀಟಿ ಖಾಲಿ ಇದೆಯಾ? ಹಾಗಾದ್ರೆ ಇಲ್ಲಿಂದಲೇ ವಾಪಸ್ ಹೋಗು." ಇದೇ ನಲ್ ಚೆಕ್. ನಮ್ಮ ಡ್ರೈವರಿನಲ್ಲಿ ಇಂಥವು ನೂರಾರು ಇದ್ದವು. ಅದರಲ್ಲಿ ಬೇಡದ್ದನ್ನ ಹುಡುಕಿ ತೆಗೀಬೇಕು, ಇದು ನನಗೆ ಬಂದ ಕೆಲಸ.

ಬೇಡದ್ದು ಅಂತ ಹೇಗೆ ಗೊತ್ತಾಗುತ್ತೆ? ನಾನು ಕಂಡ ಹಾಗೆ ಇವು ನಾಲ್ಕು ಜಾತಿ.

ಮೊದಲನೇದು, ಬಿಡುಗಡೆ ಮಾಡೋ ಮುಂಚಿನ ಚೆಕ್. ಮೆಮೊರಿ ವಾಪಸ್ ಕೊಡೋವಾಗ "ಚೀಟಿ ಖಾಲಿ ಇಲ್ಲದಿದ್ರೆ ಮಾತ್ರ ಕೊಡು" ಅಂತ ಬರೆಯೋದು. 1989ರ ಸಿ ಸ್ಟ್ಯಾಂಡರ್ಡಿನಲ್ಲೇ ಹೇಳಿದೆ, ಫ್ರೀ ಅನ್ನೋ ಫಂಕ್ಷನ್ನಿಗೆ ಖಾಲಿ ಚೀಟಿ ಕೊಟ್ರೆ ಅದು ಸುಮ್ಮನೆ ಏನೂ ಮಾಡದೆ ಇರಬೇಕು ಅಂತ. ಲಿನಕ್ಸಿನ ಕೆಫ್ರೀ ಕೂಡ ಹಾಗೇ. ಮೆಮೊರಿ ಪೂಲುಗಳನ್ನ ನಾಶ ಮಾಡೋ ಫಂಕ್ಷನ್ನುಗಳಿಗೆ 2015ರವರೆಗೆ ಈ ಸಹನೆ ಇರಲಿಲ್ಲ, ಆ ವರ್ಷ ಅವಕ್ಕೂ ಕಲಿಸಿದರು. ಅಲ್ಲಿಂದ ಮುಂದೆ ಅವುಗಳ ಮುಂದಿನ ಕಾವಲುಗಾರರು ಎಲ್ಲಾ ನಿರುದ್ಯೋಗಿಗಳು. ಇವನ್ನ ಹುಡುಕೋಕೆ ಕಣ್ಣೂ ಬೇಡ. ಫ್ರಾನ್ಸಿನಲ್ಲಿ ಜೂಲಿಯಾ ಲಾವಲ್ ಮತ್ತವರ ತಂಡ ಬೆಳೆಸಿದ ಕಾಕ್ಸಿನೆಲ್ ಅನ್ನೋ ಸಲಕರಣೆ ಇದೆ, ಇಂಥಾ ಸಾಲುಗಳನ್ನ ಅದು ಸಾಲಾಗಿ ಹೆಕ್ಕಿ ಕೊಡುತ್ತೆ. ಕಾಕ್ಸಿನೆಲ್ ಅಂದ್ರೆ ಫ್ರೆಂಚಿನಲ್ಲಿ, ಕೆಂಪು ಬೆನ್ನಿನ ಮೇಲೆ ಕಪ್ಪು ಚುಕ್ಕಿ ಇರುತ್ತಲ್ಲ, ಆ ಪುಟ್ಟ ಹುಳು. ಗಿಡದ ಹೇನುಗಳನ್ನ ತಿಂದು ಬದುಕೋದು. ಹೆಸರು ಸುಮ್ಮನೆ ಇಟ್ಟಿಲ್ಲ.

ಎರಡನೇದು ಸ್ವಲ್ಪ ಮೋಸದ್ದು. ಲಿನಕ್ಸಿನಲ್ಲಿ ಕಂಟೇನರ್-ಆಫ್ ಅಂತ ಒಂದು ತಂತ್ರ ಇದೆ. ಒಂದೇ ನಕ್ಷೆಯ ಸಾಲುಮನೆಗಳು ಅಂದ್ಕೊಳ್ಳಿ. ಅಡುಗೆಮನೆ ಎಲ್ಲಿದೆ ಅಂತ ಗೊತ್ತಿದ್ರೆ, ಅಲ್ಲಿಂದ ಇಪ್ಪತ್ತು ಅಡಿ ಹಿಂದೆ ಹೋದ್ರೆ ಮುಂಬಾಗಿಲು. ಬರೀ ಕಳೆಯೋ ಲೆಕ್ಕ. ಈಗ ಅಡುಗೆಮನೆಯ ವಿಳಾಸವೇ ಖಾಲಿ ಇದ್ರೆ? ಸೊನ್ನೆಯಿಂದ ಇಪ್ಪತ್ತು ಕಳೆದ್ರೆ ಸೊನ್ನೆ ಬರಲ್ಲ, ಯಾವುದೋ ಹಾಳೂರಿನ ವಿಳಾಸ ಬರುತ್ತೆ. ಆಮೇಲೆ "ಮುಂಬಾಗಿಲ ಚೀಟಿ ಖಾಲಿ ಇದೆಯಾ" ಅಂತ ಕೇಳಿದ್ರೆ "ಇಲ್ಲ" ಅಂತಲೇ ಉತ್ತರ! ಖಾಲಿ ಪಟ್ಟಿಯಿಂದ ಮೊದಲನೇ ಹೆಸರು ಕೇಳಿದಾಗಲೂ ಇದೇ ಕಥೆ, ನಲ್ ಬರಲ್ಲ, ಸುಳ್ಳು ವಿಳಾಸ ಬರುತ್ತೆ. ಈ ಪಟ್ಟಿಗಳ ತಲೆನೋವು ಎಷ್ಟು ದೊಡ್ಡದಾಯ್ತು ಅಂದ್ರೆ, ಸುತ್ತು ಮುಗಿದ ಮೇಲೂ ಅದರ ಪಾಯಿಂಟರನ್ನ ಬಳಸೋ ಅಭ್ಯಾಸ ತಪ್ಪಿಸಬೇಕು ಅನ್ನೋ ಚರ್ಚೆಯಿಂದಲೇ 2022ರಲ್ಲಿ ಲಿನಕ್ಸ್ 5.18 ಹಳೇ ಸಿ89 ಬಿಟ್ಟು ಸಿ11ಕ್ಕೆ ಬಂತು. ಇಂಥಾ ಕಡೆ ನಿಂತ ಕಾವಲುಗಾರ ಕುರುಡ. ಬೇಡದವನು ಮಾತ್ರ ಅಲ್ಲ, ಇದ್ದಾನೆ ಅನ್ನೋ ಧೈರ್ಯ ಕೊಟ್ಟು ಮೋಸ ಮಾಡೋನು.

ಮೂರನೇದು, ಮೇಲಿನವರು ನೋಡಿ ಕಳಿಸಿದ್ದನ್ನ ಮತ್ತೆ ನೋಡೋದು. ಸ್ಕಸಿ ಪದರ ನಮಗೆ ಒಂದು ಕಮಾಂಡ್ ಕೊಡುವಾಗ ಆ ಕಮಾಂಡಿನ ಚೀಟಿಯಾಗಲಿ, ಅದು ಯಾವ ಡಿವೈಸಿಗೆ ಅನ್ನೋ ಚೀಟಿಯಾಗಲಿ ಖಾಲಿ ಇರೋಕೆ ಸಾಧ್ಯ ಇಲ್ಲ. ಖಾಲಿ ಇದ್ದಿದ್ರೆ ನಮ್ಮ ತನಕ ಬರೋ ಮೊದಲೇ ಅಲ್ಲೇ ಬಿದ್ದಿರುತ್ತಿತ್ತು. ಆದ್ರೂ ನಮ್ಮಲ್ಲಿ ಒಂದೇ ಚೀಟಿಯನ್ನ ಒಂದರ ಒಳಗೊಂದು ಐದು ಫಂಕ್ಷನ್ನುಗಳು ಪರೀಕ್ಷೆ ಮಾಡ್ತಿದ್ದವು.

ನಾಲ್ಕನೇದು ನನಗೆ ತುಂಬಾ ಇಷ್ಟ ಆದದ್ದು. ಯಾವತ್ತೂ ಇಲ್ಲ ಅನ್ನದ ಕಡೆ ಮೆಮೊರಿ ಕೇಳಿ, "ಇಲ್ಲ ಅಂದ್ರಾ?" ಅಂತ ನೋಡೋದು.

ಸ್ಟೋರೇಜಿನಲ್ಲಿ ಒಂದು ಬ್ರಹ್ಮಗಂಟು ಇದೆ. ಮೆಮೊರಿ ತುಂಬಿ ಹೋಯ್ತು ಅನ್ನಿ. ಕರ್ನೆಲ್ ಏನು ಮಾಡುತ್ತೆ? ಇನ್ನೂ ಡಿಸ್ಕಿಗೆ ಬರೆಯದ ಪುಟಗಳನ್ನ ಬರೆದು ಜಾಗ ಬಿಡಿಸಿಕೊಳ್ಳೋಕೆ ನೋಡುತ್ತೆ. ಆದ್ರೆ ಡಿಸ್ಕಿಗೆ ಬರೀಬೇಕಾದ್ರೆ ಡ್ರೈವರಿಗೆ ತನ್ನ ಲೆಕ್ಕಪತ್ರಕ್ಕೆ ಚೂರು ಮೆಮೊರಿ ಬೇಕು. ಮೆಮೊರಿ ಇಲ್ಲ ಅಂತ ಬರೆಯೋಕೆ ಹೊರಟ್ರೆ, ಬರೆಯೋಕೆ ಮೆಮೊರಿ ಇಲ್ಲ! ಅದಕ್ಕೇ ಲಿನಕ್ಸಿನಲ್ಲಿ ಮೆಂಪೂಲ್ ಅಂತ ಮಾಡಿದಾರೆ. ಶುರುವಿನಲ್ಲೇ ಒಂದಿಷ್ಟು ತುಂಡುಗಳನ್ನ ಎತ್ತಿಟ್ಟಿರೋದು. ಮಾಮೂಲಿ ಕಡೆ ಸಿಗದಿದ್ರೆ ಅಲ್ಲಿಂದ ತಗೋ. ಅದೂ ಮುಗಿದಿದ್ರೆ ಕಾಯಿ, ಹಿಂದಿನ ಬರವಣಿಗೆ ಮುಗಿದು ಒಂದು ತುಂಡು ವಾಪಸ್ ಬರುತ್ತೆ.

ಮದುವೆ ಮನೆ ಊಟದ ಪಂಕ್ತಿ ನೆನಪಿಸಿಕೊಳ್ಳಿ. ಜಾಗ ಇಲ್ಲ ಅಂತ ಯಾರನ್ನೂ ಉಪವಾಸ ಕಳಿಸಲ್ಲ. ಈ ಪಂಕ್ತಿ ಏಳಲಿ, ಮುಂದಿನದಕ್ಕೆ ಕೂತ್ಕೊಳ್ಳಿ ಅಂತಾರೆ. ಕಾಯೋಕೆ ತಯಾರಿದ್ದವನಿಗೆ ಊಟ ಗ್ಯಾರಂಟಿ. ಬಸ್ಸಿಗೆ ಹೊತ್ತಾಯ್ತು ಅನ್ನೋನು ಮಾತ್ರ "ಈಗ ಜಾಗ ಇದೆಯಾ ಇಲ್ವಾ" ಅಂತ ಕೇಳಿ, ಇಲ್ಲ ಅಂದ್ರೆ ಬೇರೆ ದಾರಿ ನೋಡಬೇಕು. ಡ್ರೈವರಿನಲ್ಲಿ ಆ ಬಸ್ಸಿನ ಅವಸರದವನು ಅಂದ್ರೆ ಇಂಟರಪ್ಟ್ ಹ್ಯಾಂಡ್ಲರ್, ಅವನು ಮಲಗಿ ಕಾಯೋ ಹಾಗಿಲ್ಲ. ಹಾಗಾಗಿ ಕಾಯಬಲ್ಲ ಕಡೆಯಿಂದ ಮೆಂಪೂಲಿಗೆ ಕೇಳಿದಾಗ ನಲ್ ಚೆಕ್ ಬೇಡ, ಕಾಯಲಾಗದ ಕಡೆ ಬೇಕೇ ಬೇಕು. ಸಾಲು ನೋಡೋಕೆ ಎರಡೂ ಒಂದೇ ಥರ!

ಇಲ್ಲಿ ಒಂದು ಸೂಕ್ಷ್ಮ ಇದೆ. ಕೊಟ್ಟ ಮಾತು ಬೇರೆ, ನಡೆದು ಬಂದ ರೂಢಿ ಬೇರೆ. ಫ್ರೀಬಿಎಸ್‌ಡಿಯ ಕರ್ನೆಲ್ ಮ್ಯಾಲಾಕ್‌ಗೆ 'ಕಾಯ್ತೀನಿ' ಅನ್ನೋ ಗುರುತು ಕೊಟ್ರೆ ಅದು ನಲ್ ಕೊಡಲ್ಲ ಅಂತ ಕೈಪಿಡಿಯಲ್ಲೇ ಬರೆದಿದೆ. ಅಲ್ಲಿ ಚೆಕ್ ತೆಗೀಬಹುದು. ಲಿನಕ್ಸಿನ ಕೆಮ್ಯಾಲಾಕ್ ಹಾಗಲ್ಲ. 2014ರ ಕೊನೆಯಲ್ಲಿ ಈ ಬಗ್ಗೆ ದೊಡ್ಡ ಚರ್ಚೆ ಆಯ್ತು. ಎಂಟು ಪುಟ, ಅಂದ್ರೆ 4 ಕೆಬಿ ಪುಟದ ಲೆಕ್ಕದಲ್ಲಿ 32 ಕೆಬಿವರೆಗಿನ ಕೋರಿಕೆಗಳಿಗೆ ಕರ್ನೆಲ್ ಹೆಚ್ಚುಕಮ್ಮಿ ಇಲ್ಲ ಅನ್ನೋದೇ ಇಲ್ಲ, ಎಷ್ಟು ಹೊತ್ತಾದ್ರೂ ಒದ್ದಾಡ್ತಾನೇ ಇರುತ್ತೆ ಅನ್ನೋದು ಅವತ್ತು ಬಹಳ ಜನರಿಗೆ ಹೊಸ ಸುದ್ದಿಯಾಗಿತ್ತು. ಹಾಗಂತ ಅಲ್ಲಿ ಚೆಕ್ ತೆಗೀಬಹುದಾ? ತೆಗೆಯೋ ಹಾಗಿಲ್ಲ. ಅದು ರೂಢಿ, ಮಾತು ಕೊಟ್ಟಿಲ್ಲ. ಪಕ್ಕದ ಮನೆಯವರು ದಿನಾ ಗೇಟು ಹಾಕ್ತಾರೆ ಅಂತ ನಾವು ಬೀಗ ಬಿಸಾಕೋಕೆ ಆಗುತ್ತಾ? ಹಾಗಾಗಿ ಒಂದೇ ಡ್ರೈವರಿನ ಎರಡು ಅವತಾರಗಳಲ್ಲಿ, ಒಂದೇ ಸಾಲು ಒಂದು ಕಡೆ ಹೋಯ್ತು, ಇನ್ನೊಂದು ಕಡೆ ಉಳೀತು.

ಈಗ ನೀವು ಕೇಳಬಹುದು, ಇದ್ರೆ ಏನು ನಷ್ಟ ಸ್ವಾಮಿ? ಒಂದು ಚೆಕ್ಕಿಗೆ ಪ್ರೊಸೆಸರ್ ಒಂದೆರಡು ಇನ್‌ಸ್ಟ್ರಕ್ಷನ್ ಖರ್ಚು ಮಾಡುತ್ತೆ, ಡಿಸ್ಕಿನ ಮುಂದೆ ಅದು ಲೆಕ್ಕಕ್ಕೇ ಇಲ್ಲ. ನಿಜ. ನಷ್ಟ ಇರೋದು ಓದೋವನಿಗೆ. ಕೋಡಿನಲ್ಲಿ ಪ್ರತಿ ಚೆಕ್ಕೂ "ಈ ಚೀಟಿ ಇಲ್ಲಿ ಖಾಲಿ ಇರಬಹುದು" ಅನ್ನೋ ಹೇಳಿಕೆ. ಹೊಸದಾಗಿ ಸೇರಿದ ಹುಡುಗಿ ಅದನ್ನ ಓದ್ತಾಳೆ, ನಂಬ್ತಾಳೆ, ತಾನು ಬರೆಯೋ ಕಡೆಯೂ ಒಂದು ಹಾಕ್ತಾಳೆ. ಖಾಲಿ ಇದ್ದಾಗ ಏನು ಮಾಡಬೇಕು ಅನ್ನೋ ದಾರಿಯನ್ನೂ ಬರೆಯಬೇಕಲ್ಲ? ಆ ದಾರಿಯಲ್ಲಿ ಯಾರೂ ಯಾವತ್ತೂ ನಡೆದಿರಲ್ಲ, ಟೆಸ್ಟ್ ಮಾಡೋಕೂ ಆಗಲ್ಲ. ಮುಳ್ಳು ಬೆಳೀತಾ ಇರುತ್ತೆ.

ಇದು ಬರೀ ಸಿದ್ಧಾಂತ ಅಲ್ಲ. ಒಬ್ಬ ಗ್ರಾಹಕರ ಸರ್ವರ್ರು ಆಗಾಗ ಸರಿಯಾಗಿ 30 ಸೆಕೆಂಡು ಸ್ತಬ್ಧ ಆಗ್ತಿತ್ತು, ಆಮೇಲೆ ಏನೂ ಆಗಿಲ್ಲ ಅನ್ನೋ ಹಾಗೆ ನಡೀತಿತ್ತು. ಡ್ರೈವರಿನ ಲಾಗಿನಲ್ಲಿ ಕಾರಣ ಅನ್ನೋದು ಒಂದಕ್ಷರ ಇಲ್ಲ. ಲಿನಕ್ಸಿನಲ್ಲಿ ಡಿಸ್ಕಿನ ಒಂದು ಕಮಾಂಡಿಗೆ ಕೊಡೋ ಗಡುವೇ 30 ಸೆಕೆಂಡು, ಅದೇ ಸುಳಿವು. ಹುಡುಕ್ತಾ ಹೋದ್ರೆ ನಮ್ಮ ಕ್ಯೂ-ಕಮಾಂಡ್ ಫಂಕ್ಷನ್ನಿನ ಒಳಗೆ ಒಂದು ಹಳೇ ಚೆಕ್. ಚೀಟಿ ಖಾಲಿ ಇದ್ರೆ ಸೊನ್ನೆ ವಾಪಸ್ ಕೊಡು ಅಂತ. ಆ ಜಾಗದಲ್ಲಿ ಸೊನ್ನೆ ಅಂದ್ರೆ "ಕಮಾಂಡ್ ಸ್ವೀಕರಿಸಿದೀನಿ" ಅಂತ ಅರ್ಥ! ಮೇಲಿನವರು ಕೆಲಸ ಆಗ್ತಿದೆ ಅಂತ ಕಾಯ್ತಿದ್ರು, ನಾವು ಅರ್ಜಿಯನ್ನ ಮೇಜಿನ ಡ್ರಾಯರಿಗೆ ಹಾಕಿ ಬೀಗ ಜಡಿದಿದ್ವಿ. ಗಡುವು ಮುಗಿದ ಮೇಲೆ ಕಮಾಂಡ್ ರದ್ದು ಮಾಡಿ, ಡಿವೈಸ್ ರೀಸೆಟ್ ಮಾಡಿ ಮತ್ತೆ ಕಳಿಸ್ತಿದ್ರು. ಬೇರೆ ಎಲ್ಲೋ ನಮ್ಮದೇ ಒಂದು ಟೇಬಲ್ ತಪ್ಪು ಹೊತ್ತಿನಲ್ಲಿ ಖಾಲಿ ಆಗ್ತಿತ್ತು, ಅದು ನಿಜವಾದ ರೋಗ. ಆ ಚೆಕ್ ರೋಗ ವಾಸಿ ಮಾಡ್ಲಿಲ್ಲ, ರೋಗಿಯ ಬಾಯಿಗೆ ಬಟ್ಟೆ ತುರುಕಿತ್ತು ಅಷ್ಟೇ. ಇಡೀ ಸಾಫ್ಟ್‌ವೇರಿನ ಚೆಕ್ಕುಗಳನ್ನ ಒಮ್ಮೆ ಕೂತು ನೋಡಿ ಅನ್ನೋ ಆಜ್ಞೆ ಬಂದದ್ದು ಆಮೇಲೆ.

ತಪ್ಪು ಜಾಗದಲ್ಲಿರೋ ಚೆಕ್ಕಿನ ಪ್ರಸಿದ್ಧ ಕಥೆ 2009ರದ್ದು. ಲಿನಕ್ಸ್ 2.6.30ರ ಟನ್ ಅನ್ನೋ ಡ್ರೈವರ್, ಸ್ಟೋರೇಜಿನದಲ್ಲ, ನೆಟ್ವರ್ಕಿನದು. ಅಲ್ಲಿ ಒಂದು ಸಾಲಿನಲ್ಲಿ ಚೀಟಿಯನ್ನ ಬಳಸಿ, ಅದರ ಕೆಳಗೆ "ಖಾಲಿ ಇದೆಯಾ" ಅಂತ ಕೇಳಿದ್ರು. ಜಿಸಿಸಿ ಕಂಪೈಲರ್ ಲೆಕ್ಕ ಹಾಕ್ತು: ಆಗಲೇ ಬಳಸಿದಾರೆ ಅಂದ್ಮೇಲೆ ಖಾಲಿ ಇರೋಕೆ ಸಾಧ್ಯ ಇಲ್ಲ, ಈ ಚೆಕ್ ಬೇಡ, ತೆಗೆದುಬಿಡೋಣ ಅಂತ. ತೆಗೆದೇಬಿಡ್ತು! ಸೊನ್ನೆ ವಿಳಾಸದಲ್ಲಿ ತಮ್ಮದೇ ಮಾಹಿತಿ ಇಟ್ಟು ಆ ತೂತಿನಿಂದ ಇಡೀ ಮಷೀನನ್ನ ಕೈವಶ ಮಾಡಿಕೊಳ್ಳಬಹುದು ಅಂತ ಆ ಜುಲೈನಲ್ಲಿ ತೋರಿಸಿದ್ರು. ಆಮೇಲೆ ಸಾಲುಗಳನ್ನ ಅದಲುಬದಲು ಮಾಡಿದ್ದಲ್ಲದೆ, ನಲ್ ಚೆಕ್ಕುಗಳನ್ನ ನೀನಾಗಿ ತೆಗೀಬೇಡ ಅಂತ ಕಂಪೈಲರಿಗೆ ಹೇಳೋ ಆಯ್ಕೆಯನ್ನೂ ಕರ್ನೆಲ್ಲಿಗೆ ಸೇರಿಸಿದ್ರು. ನಮ್ಮಲ್ಲೂ ಹೀಗೆ ಮೊದಲು ಬಳಸಿ ಆಮೇಲೆ ಕೇಳೋ ಸಾಲುಗಳು ಮೂರು ಸಿಕ್ಕವು. ಒಂದನ್ನ ತೆಗೆದ್ವಿ, ಎರಡನ್ನ ಮೇಲಕ್ಕೆ ಒಯ್ದ್ವಿ.

ಈಗ ಮನುಷ್ಯರ ವಿಷಯಕ್ಕೆ ಬರ್ತೀನಿ.

ಈ ಚೆಕ್ಕುಗಳಲ್ಲಿ ಅರ್ಧಕ್ಕರ್ಧ ಬರೆದವರು ನಮ್ಮ ತಂಡದ ಹಿರಿಯರೇ. ಹಾಸನದ ಕಡೆಯವರು. ಇಪ್ಪತ್ತು ವರ್ಷದಿಂದ ಇದೇ ಡ್ರೈವರನ್ನ ಮಗುವಿನ ಥರ ಸಾಕಿದವರು, ಮುಂದಿನ ವರ್ಷ ನಿವೃತ್ತಿ. ಅವರ ಸಾಲುಗಳನ್ನ ಅಳಿಸಿದ ಪ್ಯಾಚನ್ನ ಅವರ ಪರಿಶೀಲನೆಗೇ ಕಳಿಸಬೇಕು. ಮೇಲ್ ಕಳಿಸೋ ಬದಲು ಕಾಫಿಗೆ ಕರ್ಕೊಂಡು ಹೋದೆ.

"ಸರ್, ಇವನ್ನೆಲ್ಲಾ ಯಾಕೆ ಹಾಕಿದ್ರಿ ಅಂತ ಕೇಳಬಹುದಾ?"

ಅವರು ಪ್ರಿಂಟ್ ಔಟ್ ನೋಡಿ ನಕ್ಕರು. "ಅವತ್ತು ರಾತ್ರಿ ಮೂರು ಗಂಟೆ ಕಣಯ್ಯಾ. ಗ್ರಾಹಕ ಫೋನಲ್ಲಿ ಕೂಗಾಡ್ತಿದ್ದ. ಮಷೀನು ಬೀಳ್ತಿದೆ, ಯಾವ ಪಾಯಿಂಟರ್ ನಲ್ಲು ಅಂತ ಗೊತ್ತಾಗ್ತಿಲ್ಲ. ಸಿಕ್ಕಿದ ಕಡೆಯೆಲ್ಲಾ ಹಾಕ್ದೆ. ಬೀಳೋದು ನಿಂತ್ತು. ನಿಂತ ಮೇಲೆ ಯಾವುದರಿಂದ ನಿಂತ್ತು ಅಂತ ನೋಡೋಕೆ ಪುರುಸೊತ್ತು ಯಾರು ಕೊಟ್ರು?"

ನಾನು ಏನೂ ಮಾತಾಡ್ಲಿಲ್ಲ. ಅವರೇ ಮುಂದುವರಿಸಿದ್ರು. "ತೆಗಿ, ಬೇಡ ಅನ್ನಲ್ಲ. ಆದ್ರೆ ಒಂದು ಮಾತು. ನಾನು ಯಾಕೆ ಹಾಕ್ದೆ ಅಂತ ಬರೀಲಿಲ್ಲ. ನೀನು ಯಾಕೆ ತೆಗೀತಿದೀಯ ಅಂತ ಬರಿ. ಇನ್ನೊಂದು, ಇದನ್ನ ಮಾತ್ರ ಮುಟ್ಟಬೇಡ" ಅಂತ ಒಂದು ಸಾಲಿನ ಮೇಲೆ ಬೆರಳಿಟ್ಟರು.

ಆ ಸಾಲು ನನ್ನ ಪಟ್ಟಿಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕ್ಕೊಂಡು ಕೂತಿತ್ತು. ಪ್ರತಿ ಡಿಸ್ಕಿಗೂ ಡ್ರೈವರ್ ತನ್ನದೇ ಒಂದು ಖಾಸಗಿ ಪುಸ್ತಕ ಇಟ್ಟಿರುತ್ತೆ, ಆ ಪುಸ್ತಕದ ಚೀಟಿಯ ಮೇಲಿನ ಚೆಕ್. ಡಿಸ್ಕ್ ಕಿತ್ತ ಮೇಲೆ ಪುಸ್ತಕ ಹರಿದು ಹಾಕ್ತೀವಿ, ಚೀಟಿ ಖಾಲಿ ಆಗುತ್ತೆ. ಆದ್ರೆ ಓಡ್ತಿರೋ ಸರ್ವರಿನಿಂದಲೇ ಯಾರೋ ಡಿಸ್ಕನ್ನ ಎಳೆದಾಗ, ಮೇಲಿನಿಂದ ಹೊರಟ ಒಂದು ಕಮಾಂಡ್ ಅಷ್ಟರಲ್ಲಿ ದಾರಿಯಲ್ಲಿ ಇರಬಹುದು. ಅದು ಬಂದು ನೋಡಿದಾಗ ಚೀಟಿ ನಿಜವಾಗಲೂ ಖಾಲಿ. ಅಲ್ಲಿ ಅವರು ಬರೆದದ್ದು ಸೊನ್ನೆ ಅಲ್ಲ. ಕಮಾಂಡಿಗೆ "ಸಂಪರ್ಕ ಇಲ್ಲ" ಅನ್ನೋ ಫಲಿತಾಂಶ ಹಚ್ಚಿ, ಅಲ್ಲೇ ಮುಗಿಸಿ, ಮೇಲಕ್ಕೆ ಕಳಿಸಿದ್ರು. ಡಿಸ್ಕ್ ಹೋಗಿದೆ ಅನ್ನೋ ಸತ್ಯ ಮೇಲಿನವರಿಗೆ ಕೂಡಲೇ ಗೊತ್ತಾಗುತ್ತೆ, ರೇಡ್ ಇದ್ರೆ ಇನ್ನೊಂದು ಡಿಸ್ಕಿನಿಂದ ಕೆಲಸ ಸಾಗುತ್ತೆ. 30 ಸೆಕೆಂಡಿನ ಆ ಕಳ್ಳ ಸೊನ್ನೆಗೂ ಇದಕ್ಕೂ ಇರೋ ವ್ಯತ್ಯಾಸ ನೋಡಿ. ಬೇಕಾದ ಕಾವಲುಗಾರ ತಡೆದು ಸುಮ್ಮನೆ ನಿಲ್ಲಲ್ಲ, ಒಳಗಿನವರಿಗೆ ಸುದ್ದಿ ಮುಟ್ಟಿಸ್ತಾನೆ.

ಆದ್ರೂ ಅದು ಅರ್ಧ ಕೆಲಸ. ಚೀಟಿ ನೋಡಿದ ಕ್ಷಣಕ್ಕೂ ಬಳಸೋ ಕ್ಷಣಕ್ಕೂ ನಡುವೆ ಇನ್ನೊಂದು ಪ್ರೊಸೆಸರ್ ಪುಸ್ತಕ ಹರಿದು ಹಾಕಬಹುದಲ್ಲ? ಬೀಗ ಇಲ್ಲದ ಚೆಕ್ ಅಪಾಯದ ಕಿಂಡಿಯನ್ನ ಸಣ್ಣದು ಮಾಡುತ್ತೆ, ಮುಚ್ಚಲ್ಲ. ಇದನ್ನ ಸರ್ ಹತ್ರ ಹೇಳಿದೆ. ಅವರು ಸ್ವಲ್ಪ ಹೊತ್ತು ಲೋಟ ನೋಡ್ತಾ ಕೂತು, "ಅದನ್ನ ಇಬ್ಬರೂ ಕೂತು ಬರೆಯೋಣ" ಅಂದ್ರು. ಪುಸ್ತಕ ಎಷ್ಟು ಜನರ ಕೈಯಲ್ಲಿದೆ ಅಂತ ಎಣಿಕೆ ಇಟ್ಟು, ಕೊನೆಯವನು ಬಿಟ್ಟ ಮೇಲೆ ಮಾತ್ರ ಹರಿಯೋ ವ್ಯವಸ್ಥೆ. ಎರಡು ವಾರ ಹಿಡೀತು. ಇಡೀ ಕೆಲಸದಲ್ಲಿ ನಾವು ಹೊಸದಾಗಿ ಬರೆದದ್ದು ಅದೊಂದೇ, ಅದರ ಮೇಲೆ ಇಬ್ಬರ ಹೆಸರೂ ಇದೆ.

ಉಳಿದದ್ದನ್ನ ತೆಗೆದ ಕ್ರಮ, ಆಸಕ್ತಿ ಇರೋರಿಗಾಗಿ. ಒಂದು ಪ್ಯಾಚಿಗೆ ಒಂದೇ ಕಾರಣ. ಆ ಫಂಕ್ಷನ್ನನ್ನ ಎಲ್ಲೆಲ್ಲಿಂದ ಕರೀತಾರೆ ಅಂತ ಪೂರ್ತಿ ಪಟ್ಟಿ. ಅನುಮಾನ ಇದ್ದ ಕಡೆ ಚೆಕ್ಕನ್ನ ಕೂಡಲೇ ತೆಗೆಯದೆ, ಯಾವತ್ತಾದ್ರೂ ಅದು ನಿಜ ಆದ್ರೆ ಒಮ್ಮೆ ಕೂಗು ಅಂತ ಎಚ್ಚರಿಕೆಯ ಸಾಲು ಹಾಕಿ ವಾರಗಟ್ಟಲೆ ಲ್ಯಾಬಿನಲ್ಲಿ ಓಡಿಸಿದ್ದು. ಜೊತೆಗೆ ಲಿನಕ್ಸಿನಲ್ಲಿ ಬೇಕೆಂದೇ ಮೆಮೊರಿ ಇಲ್ಲ ಅನ್ನಿಸೋ ಫೇಲ್‌ಸ್ಲ್ಯಾಬ್ ಅನ್ನೋ ಸೌಲಭ್ಯ ಇದೆ, ಉಳಿಸಿಕೊಂಡ ಚೆಕ್ಕುಗಳ ದಾರಿಯಲ್ಲಿ ಅದರಿಂದ ನಡೆದು ನೋಡಿದ್ವಿ. ಎಷ್ಟೋ ಕಡೆ ಮುಳ್ಳಿತ್ತು, ಕಿತ್ತೆವು.

ಲೆಕ್ಕ ಹಾಕಿದ್ರೆ ಹೋದ ಸಾಲುಗಳೇ ಜಾಸ್ತಿ, ಉಳಿದವು ಕಡಿಮೆ. ಆದ್ರೆ ಈಗ ಉಳಿದ ಪ್ರತಿ ಚೆಕ್ಕಿನ ತಲೆ ಮೇಲೂ ಒಂದು ಸಾಲು ಟಿಪ್ಪಣಿ ಇದೆ: ಈ ಚೀಟಿ ಯಾವಾಗ ಖಾಲಿ ಇರುತ್ತೆ, ಯಾಕೆ ಅಂತ. ಮೊನ್ನೆ ಹೊಸ ಹುಡುಗಿ ಬಂದು, "ಇಲ್ಲಿ ಚೆಕ್ ಇಲ್ಲ, ಮರೆತಿದೀರಾ?" ಅಂತ ಕೇಳಿದ್ಲು. ಸರ್ ಕುರ್ಚಿ ತಿರುಗಿಸಿ, "ಮರೆತಿಲ್ಲಮ್ಮಾ, ಬೇಡ ಅಂತ ಗೊತ್ತಾಗಿದೆ. ಲಾಗ್ ಓದು" ಅಂದ್ರು.

ನಿಮ್ಮ ಕೆಲಸದಲ್ಲೂ ಇಂಥವು ಇರಬೇಕಲ್ಲ? ಯಾಕೆ ಅಂತ ಯಾರಿಗೂ ನೆನಪಿಲ್ಲದೆ ಹಾಕ್ತಾ ಬಂದಿರೋ ಸಹಿ, ಮೂರು ಪ್ರತಿ ಜೆರಾಕ್ಸು, ಎರಡನೇ ರಿಜಿಸ್ಟರು... ಕೋಡಿನವರೇ ಆಗಬೇಕಿಲ್ಲ, ಬ್ಯಾಂಕಿನವರು, ಮೇಷ್ಟ್ರುಗಳು ಎಲ್ಲಾ ಬರೀರಿ. ಯಾವುದನ್ನ ತೆಗೆದ್ರಿ, ಯಾವುದರ ಮೇಲೆ ಹಿರಿಯರು ಬೆರಳಿಟ್ಟು ಬೇಡ ಅಂದ್ರು, ನನಗೆ ಎರಡೂ ಕೇಳೋ ಆಸೆ.